ಸ್ವಇಚ್ಛೆಯಿಂದ ಹೊರಟವರು

ಕ್ರೇಡ್ಲಿ ಹೀತ್ ಊರಿನ ಸರಪಳಿ ಮಾಡುವ ಕುಲುಮೆಯಲ್ಲಿ ದುಡಿಯುತ್ತಿದ್ದ ವಿಲ್ಫ್ ಬ್ಲೂಮರ್‌ಗೆ ಸಿಟ್ಟು ಬೇಗ ಬರುತ್ತಿತ್ತು, ಅಷ್ಟೇ ಬೇಗ ಇಳಿಯುತ್ತಿತ್ತು. ಇಳಿಯದೆ ಉಳಿದ ಸಿಟ್ಟು ಒಂದೇ. ಅದು ಹತ್ತಿಕೊಂಡಿದ್ದು ಸೈನ್ಯದಲ್ಲಿ.

ಎರಡನೇ ಮಹಾಯುದ್ಧ ಶುರುವಾದಾಗ ಅವನನ್ನೂ ಪಕ್ಕದ ಮನೆಯ ಎಬೆನ್ ಟ್ರೋಮನ್ಸ್‌ನನ್ನೂ ಒಂದೇ ಕಾಲಾಳು ಪಡೆಗೆ ಹಾಕಿದರು. ನಡೆಯುವುದು, ಗುಂಡಿ ತೋಡುವುದು, ಗುಂಡು ಹೊಡೆಯುವುದು, ಇಷ್ಟೇ ಅಂದುಕೊಂಡಿದ್ದರು. ಒಂದು ಬೆಳಿಗ್ಗೆ ಕರ್ನಲ್ ಎಲ್ಲರನ್ನೂ ಮೈದಾನದಲ್ಲಿ ನಿಲ್ಲಿಸಿ, ಇವತ್ತಿನಿಂದ ನೀವು ಗ್ಲೈಡರ್ ಪಡೆ, ಇದು ದೊಡ್ಡ ಗೌರವ ಅಂದ. ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವವರು ತಾವಾಗಿ ಹೆಸರು ಕೊಟ್ಟು ಸೇರಿದವರು. ಇವರನ್ನು ಯಾರೂ ಕೇಳಲಿಲ್ಲ.

ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ಪ್ಲೈವುಡ್ ವಿಮಾನ. ಇನ್ನೊಂದು ವಿಮಾನ ಹಗ್ಗ ಕಟ್ಟಿ ಎಳೆದೊಯ್ಯಬೇಕು. ಹಗ್ಗ ಬಿಟ್ಟ ಮೇಲೆ ಕೆಳಗಿಳಿಯುವುದೊಂದೇ ದಾರಿ. ತರಬೇತಿಯ ಮೊದಲ ದಿನ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೆಲ್ಮೆಟ್ಟಿಗೆ ಕಕ್ಕಿದ ಎಬೆನ್, "ಇದಕ್ಕಿಂತ ನಮ್ಮಮ್ಮನ ಬಟ್ಟೆ ಪೆಟ್ಟಿಗೆನೇ ಗಟ್ಟಿಯಾಗೈತೆ ಕಣಲೇ" ಅಂದಿದ್ದ.

ಆಫ್ರಿಕಾದ ಶಿಬಿರದಿಂದ ಸಿಸಿಲಿ ದ್ವೀಪದ ಮೇಲೆ ದಾಳಿಗೆ ಹೊರಟ ಸಂಜೆ ಗಾಳಿ ಜೋರಾಗಿತ್ತು. ದಡದ ಸುಳಿವು ಸಿಗುವಷ್ಟರಲ್ಲಿ ಕೆಳಗಿನಿಂದ ಫಿರಂಗಿಗಳು ಗುಡುಗಿದವು. ಎಳೆಯುತ್ತಿದ್ದ ವಿಮಾನ ಸಮುದ್ರದ ಮೇಲೆಯೇ ಹಗ್ಗ ಬಿಟ್ಟು ಬಂದ ದಾರಿಗೆ ತಿರುಗಿಕೊಂಡಿತು. ಗ್ಲೈಡರ್ ನೀರಿಗೆ ಅಪ್ಪಳಿಸಿತು. ವಿಲ್ಫ್ ಕೊಡಲಿಯಿಂದ ಚಾವಣಿ ಒಡೆದು ರೆಕ್ಕೆಯ ಮೇಲೆ ಹತ್ತಿ, ಮತ್ತೆ ಒಳಗೆ ಕೈ ಚಾಚಿದ. ಎಬೆನ್‌ನ ಕಾಲರ್ ಸಿಕ್ಕಿತು. ಎಳೆದ. ಸೊಂಟದ ಪಟ್ಟಿ ಬಿಡಲಿಲ್ಲ. ಚಾಕುವಿಗೆ ತಡಕಾಡುವಷ್ಟರಲ್ಲಿ ಗ್ಲೈಡರ್ ಇನ್ನಷ್ಟು ಮುಳುಗಿ, ಕಾಲರ್ ಕೈಯಿಂದ ಜಾರಿತು.

ಹಡಗಿನವರು ಬದುಕುಳಿದವರನ್ನು ಎತ್ತಿಕೊಂಡರು. ಶಿಬಿರಕ್ಕೆ ಮರಳಿದ ಮೇಲೆ ಹುಡುಗರು ಹಗ್ಗ ಬಿಟ್ಟು ತಿರುಗಿಕೊಂಡ ಪೈಲಟ್‌ಗಳ ಡೇರೆಗಳತ್ತ ನುಗ್ಗಿದರು. ಅಧಿಕಾರಿಗಳು ಗೇಟು ಹಾಕಿ ತಡೆದರು. ಮುಂದಿನ ಸಾಲಿನಲ್ಲಿದ್ದ ವಿಲ್ಫ್ ಗೇಟನ್ನೇ ಗುದ್ದಿ ಬೆರಳು ಮುರಿದುಕೊಂಡ.

ಎಬೆನ್‌ನ ತಾಯಿ ಹ್ಯಾರಿಯೆಟ್‌ಗೆ, ನಿಮ್ಮ ಮಗ ಹೋರಾಡುತ್ತಾ ಸತ್ತ ಅಂತ ಸರ್ಕಾರದವರು ತಿಳಿಸಿದ್ದರು. ಯುದ್ಧ ಮುಗಿಸಿ ಬಂದ ವಿಲ್ಫ್ ಅವಳ ಅಡುಗೆಮನೆಯಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದ. ಅವಳು ಅಳಲಿಲ್ಲ.

"ನಮ್ಮ ಎಬೆನ್‌ಗೆ ಈಜೇ ಬರ್ತಿರಲಿಲ್ಲ. ಯಾರಾದ್ರೂ ಕೇಳಿದ್ರಾ?"

"ಇಲ್ಲ ಆಂಟಿ. ಏನೂ ಕೇಳಲಿಲ್ಲ."

ಕೆಲವು ವರ್ಷಗಳ ಮೇಲೆ ಊರಿನ ಸಮಿತಿ ಚಾಪೆಲ್ ಅನ್ನುವ ಚಿಕ್ಕ ಚರ್ಚಿನ ಪಕ್ಕ ಸ್ಮಾರಕದ ಕಲ್ಲು ನಿಲ್ಲಿಸಿತು. ಸತ್ತವರ ಹೆಸರುಗಳ ಕೆಳಗೆ ದಪ್ಪ ಅಕ್ಷರದಲ್ಲಿ 'ಸ್ವಇಚ್ಛೆಯಿಂದ ಹೊರಟವರು' ಅಂತ ಕೆತ್ತಿಸಿದ್ದರು. ಎದೆ ತುಂಬ ಪದಕ ತೂಗಿಸಿಕೊಂಡು ಬಂದ ನಿವೃತ್ತ ಮೇಜರ್ ಒಬ್ಬ, ಈ ಮಕ್ಕಳು ನಗುನಗುತ್ತ ಗ್ಲೈಡರ್ ಹತ್ತಿದರು ಎಂದು ಭಾಷಣ ಶುರುಮಾಡಿದ. ವಿಲ್ಫ್ ಹಿಂದಿನಿಂದ ಎದ್ದು ನಿಂತ.

"ಸಾರ್, ತಾವು ಅದ್ರೊಳಗೆ ಕೂತಿದ್ರಾ?"

"ಇದು ಆ ಮಾತಿಗೆ ಸಮಯ ಅಲ್ಲಪ್ಪ."

"ಸಮಯ ಯಾವಾಗ ಅಂತ ಹೇಳಿಬಿಡಿ, ಎಬೆನ್‌ನೂ ಕರ್ಕೊಂಡು ಬತ್ತೀನಿ."

ಇಬ್ಬರು ಸೇರಿ ಅವನನ್ನು ಹೊರಗೆ ನೂಕಿದರು. ಆ ಸಾಲು ತೆಗೆಸಿ ಎಂದು ಸಮಿತಿಯ ಬಾಗಿಲಿಗೆ ಹೋಗಿ ಹೋಗಿ ವಿಲ್ಫ್‌ಗೆ ಸಾಕಾಯಿತು. ಕೊನೆಗೊಂದು ಶನಿವಾರ ಮಧ್ಯಾಹ್ನ, ಊರೆಲ್ಲ ಪೇಟೆಬೀದಿಯಲ್ಲಿರುವಾಗ, ಸುತ್ತಿಗೆ ಉಳಿ ಹಿಡಿದು ಕಲ್ಲಿನ ಮುಂದೆ ಮಂಡಿಯೂರಿದ. ಆ ಸಾಲಿನ ಒಂದೊಂದೇ ಅಕ್ಷರ ಚಕ್ಕೆಯಾಗಿ ಸಿಡಿಯತೊಡಗಿತು. ಸದ್ದು ಕೇಳಿ ಬಂದ ಹ್ಯಾರಿಯೆಟ್ ತನ್ನ ಶಾಲು ಮಡಿಸಿ ಅವನ ಮಂಡಿಯಡಿಗೆ ತಳ್ಳಿದಳು.

ಕಾನ್‌ಸ್ಟೇಬಲ್ ಓಡಿಬಂದು, ನಿಲ್ಲಿಸು, ಇದು ಊರಿನ ಆಸ್ತಿ ಅಂದ.

"ಇದ್ರಾಗಿರೋ ಹೆಸ್ರು ನನ್ ಮಗಂದು," ಹ್ಯಾರಿಯೆಟ್ ಅಡ್ಡ ನಿಂತಳು. "ಅವನ್ನ ಹಿಡ್ಕೊಂಡು ಹೋಗೋದಾದ್ರೆ ನನ್ನೂ ಕರ್ಕೊಂಡೋಗು."

ಅವಳನ್ನು ಬಿಟ್ಟು ವಿಲ್ಫ್‌ನನ್ನು ಮಾತ್ರ ಒಯ್ದರು. ಕ್ಷಮೆ ಕೇಳಿದರೆ ಬಿಡುತ್ತೇನೆ ಎಂದ ನ್ಯಾಯಾಧೀಶ. ಎರಡು ಅಕ್ಷರ ಉಳಿದುಹೋಗಿವೆ, ಅದೊಂದೇ ಬೇಜಾರು ಅಂದ ವಿಲ್ಫ್, ಜೈಲಿಗೆ ಹೋದ.

ಬಿಡುಗಡೆಯಾಗಿ ಬಂದಾಗ ಆ ಎರಡೂ ಇರಲಿಲ್ಲ. ಯಾರು ಕಿತ್ತರೆಂದು ಊರಲ್ಲಿ ಯಾರೂ ಬಾಯಿಬಿಡಲಿಲ್ಲ. ಸಮಿತಿ ಮತ್ತೆ ಕೆತ್ತಿಸುವ ಧೈರ್ಯ ಮಾಡಲಿಲ್ಲ. ಪ್ರತಿ ನವೆಂಬರಿನಲ್ಲೂ, ಸತ್ತ ಯೋಧರನ್ನು ನೆನೆಯುವ ದಿನ, ಭಾಷಣ ಮುಗಿಸಿ ಜನ ಚದುರಿದ ಮೇಲೆಯೇ ವಿಲ್ಫ್ ಹ್ಯಾರಿಯೆಟ್‌ಳ ಕೈಹಿಡಿದು ಅಲ್ಲಿಗೆ ಬರುತ್ತಿದ್ದ. ಅವಳು ತೀರಿಕೊಂಡ ಮೇಲೆ ಒಬ್ಬನೇ ಬಂದ, ಹಲ್ಲು ಕಚ್ಚಿಕೊಂಡು.