ಮಸಿ ಸುಡುವ ಭಾನುವಾರಗಳು

ಗೌರಿಬಿದನೂರಿನ ಮುನಿಗಂಗಪ್ಪನಿಗೆ ಕಾರಿನ ಅಗತ್ಯವೇ ಇರಲಿಲ್ಲ. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಡೀಸೆಲ್ ಜನರೇಟರ್ ನೋಡಿಕೊಳ್ಳುತ್ತಿದ್ದವನಿಗೆ ಹೋಗಿಬರಲು ಒಂದು ಮೊಪೆಡ್ ಸಾಕಾಗಿತ್ತು. ಆದರೆ ವರ್ಗವಾಗಿ ಹೊರಟ ಮ್ಯಾನೇಜರು ತಮ್ಮ ಹಳೇ ಕಾರನ್ನು ಮಾರಾಟಕ್ಕೆ ನಿಲ್ಲಿಸಿದ ದಿನ ಇವನು ಹೋಗಿ ಬಾನೆಟ್ಟಿಗೆ ಕಿವಿಗೊಟ್ಟ. ಕಿವಿಗೊಟ್ಟಿದ್ದೇ ತಪ್ಪಾಯಿತು. ಎರಡು ಲೀಟರಿನ ಟರ್ಬೊ ಡೀಸೆಲ್ ಎಂಜಿನ್ನು, ಕಾಲು ಚೂರು ಒತ್ತಿದರೆ ಬೆನ್ನು ಸೀಟಿಗೆ ಅಂಟುವಂಥ ಎಳೆತ. ಜನ್ಮವೆಲ್ಲಾ ಡೀಸೆಲ್ಲಿನ ಸದ್ದು ಕೇಳಿದವನಿಗೆ ಅಂಥ ಸದ್ದು ಬಿಟ್ಟುಬರಲು ಮನಸ್ಸಾಗಲಿಲ್ಲ.

“ಆನೆ ತಂದು ಕಟ್ಟವ್ರೆ, ಮೇವು ಯಾರು ಹಾಕ್ತಾರೋ!” ಅಂದಳು ಹೆಂಡತಿ ಮುನಿಶಾಮಮ್ಮ.

ಮೇವೂ ಆನೆಗೆ ತಕ್ಕದ್ದೇ. ಪುಸ್ತಕದಲ್ಲಿ ಹೇಳಿದ ನಂಬರಿನ ಆಯಿಲ್ಲೇ ಆಗಬೇಕು, ಡೀಸೆಲ್ಲು ಒಂದೇ ಬಂಕಿನದಾಗಬೇಕು. ಜೋರಾಗಿ ಓಡಿಬಂದ ಮೇಲೆ ಟರ್ಬೊ ತಣಿಯಲೆಂದು ಎರಡು ನಿಮಿಷ ಎಂಜಿನ್ ಆರಿಸದೆ ಕಾಯಬೇಕು. ಹೆಂಡತಿಯ ಮಂಡಿನೋವು ವಿಚಾರಿಸದ ಮನುಷ್ಯ ಕಾರಿನ ಕೆಮ್ಮಿಗೆ ಊಟ ಬಿಟ್ಟು ಏಳುತ್ತಿದ್ದ.

ಆ ವರ್ಷವೇ ಒಬ್ಬಳೇ ಮಗಳು ಜ್ಯೋತಿಲಕ್ಷ್ಮಿಯನ್ನು ಚಿಂತಾಮಣಿಯಾಚೆಯ ಕೆಂಚಾರ್ಲಹಳ್ಳಿಗೆ ಕೊಟ್ಟರು. ಅಳಿಯ ಸುನೀಲ್ ಚಿಂತಾಮಣಿಯಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿ ಇಟ್ಟವನು, ಮನೆಯಲ್ಲಿ ರೇಷ್ಮೆ ಹುಳ ಸಾಕಣೆ. ಒಳ್ಳೇ ಜನ. ಆದರೂ ಮಗಳು ಹೋದ ಮೇಲೆ ಮುನಿಗಂಗಪ್ಪನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೋಗಿ ನೋಡೋಣವೆಂದರೆ ಮುನಿಶಾಮಮ್ಮ ಬಿಡಬೇಕಲ್ಲ?

“ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಬೀಗರ ಮನೆಗೆ ವಾರ ವಾರ ಹೋದ್ರೆ ಏನಂದ್ಕಂತಾರೆ? ಕರೆದಾಗ ಹೋಗಣ, ಸುಮ್ಕಿರಿ.”

ಹೀಗಿರುವಾಗ ಮೊಬೈಲಿನಲ್ಲಿ ಒಂದು ವಿಡಿಯೊ ಕಣ್ಣಿಗೆ ಬಿತ್ತು. ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಊರೊಳಗೇ ಓಡಾಡಿದರೆ ಅದು ಕಟ್ಟಿಕೊಳ್ಳುತ್ತದೆ, ವಾರಕ್ಕೊಮ್ಮೆ ಒಂದು ಗಂಟೆ ನಿಲ್ಲಿಸದೆ ಜೋರಾಗಿ ಓಡಿಸಿದರೆ ಮಸಿ ಸುಟ್ಟುಹೋಗುತ್ತದೆ ಅಂತ ಅದರಲ್ಲಿದ್ದವನು ಹೇಳಿದ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಮುಂದಿನ ಭಾನುವಾರವೇ ಕಾರು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ದಾಟಿ ಕೆಂಚಾರ್ಲಹಳ್ಳಿಯಲ್ಲಿ ನಿಂತಿತ್ತು.

“ಮಸಿ ಸುಡೋಕೆ ಬಂದೆ ಕಣಮ್ಮಾ,” ಅಂತ ಬೀಗಿತಿ ಆದಿಲಕ್ಷ್ಮಮ್ಮನಿಗೆ ಫಿಲ್ಟರಿನ ಪುರಾಣವೆಲ್ಲ ಹೇಳಿದ. ಸುನೀಲ್, “ಹೌದು ಮಾವ, ಓಡಿಸ್ತಾ ಇರ್ಬೇಕು,” ಅಂದ.

ಅಲ್ಲಿಂದ ಒಂದು ಭಾನುವಾರವೂ ತಪ್ಪಲಿಲ್ಲ. ಎಂಜಿನ್ ಸದ್ದು ಕೇಳಿದೊಡನೆ ಜ್ಯೋತಿ ಹಿಪ್ಪುನೇರಳೆ ಸೊಪ್ಪಿನ ಕೈಯಲ್ಲೇ ಹುಳದ ಮನೆಯಿಂದ ಬಂದು ಕಾರಿನ ಬಾಗಿಲ ಪಕ್ಕ ನಿಲ್ಲುವಳು. ಟರ್ಬೊ ತಣಿಯುವ ಆ ಎರಡು ನಿಮಿಷ ಅಪ್ಪ ಮಗಳದ್ದೇ. ಮಾತೇನೂ ದೊಡ್ಡದಲ್ಲ. ಊಟ ಆಯ್ತಾ, ಅಮ್ಮನ ಮಂಡಿ ಹೇಗಿದೆ, ಅಷ್ಟೇ. ಟರ್ಬೊ ತಣಿಯಲು ಎರಡು ನಿಮಿಷ ಸಾಕು; ಮುನಿಗಂಗಪ್ಪನ ಟರ್ಬೊ ಹತ್ತು ನಿಮಿಷವಾದರೂ ತಣಿಯುತ್ತಿರಲಿಲ್ಲ. ಕಾಫಿ ಕುಡಿದು, ಒಂದು ಗಂಟೆ ಕೂತು, ಹಿಂದಿರುಗುವನು. ನಿನ್ನ ನೋಡಬೇಕು ಅನ್ನಿಸ್ತು ಅಂತ ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ, ಗಂಡಸಲ್ಲವೇ!

ವರ್ಷ ಕಳೆಯಿತು. ಸರ್ವೀಸಿಗೆಂದು ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ಜಗನ್ ಹತ್ತಿರ ಬಿಟ್ಟಾಗ, “ಆ ಮಸಿ ಫಿಲ್ಟರ್ ಒಂದ್ಸಲ ನೋಡಪ್ಪ,” ಅಂದ.

ಜಗನ್ ನಕ್ಕುಬಿಟ್ಟ. “ಅದು ಹೊಸ ಗಾಡಿಗಳಿಗೆ ಬಂದಿದ್ದು ಅಣ್ಣಾ. ನಿಮ್ದು ಹನ್ನೆರಡು ವರ್ಷದ ಹಿಂದಿಂದು. ಇದ್ರಲ್ಲಿ ಆ ಫಿಲ್ಟರ್ ಇಲ್ವೇ ಇಲ್ಲ.”

ಮುನಿಗಂಗಪ್ಪನ ಮುಖ ಸಪ್ಪಗಾಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಜೀವ. ನಿಜವೆಂದು ನಂಬಿ ಹೇಳಿದ್ದು ಬೇರೆ, ಸುಳ್ಳೆಂದು ತಿಳಿದೂ ಬೀಗರ ಹೊಸಿಲು ತುಳಿಯುವುದು ಬೇರೆ. ಆ ಭಾನುವಾರ ಅವನು ಹೋಗಲಿಲ್ಲ. ಮುಂದಿನದಕ್ಕೂ ಹೋಗಲಿಲ್ಲ. ಕಾರು ತೊಳೆದ, ಒರೆಸಿದ, ಮತ್ತೆ ತೊಳೆದ. ಮಗಳು ಫೋನ್ ಮಾಡಿದರೆ, “ಕೆಲಸ ಐತೆ ಕಣಮ್ಮ,” ಅಂದುಬಿಟ್ಟ.

ಮೂರನೇ ಭಾನುವಾರ ಬೆಳಿಗ್ಗೆ ಆದಿಲಕ್ಷ್ಮಮ್ಮನೇ ಫೋನ್ ಮಾಡಿದಳು. “ಯಾಕಣ್ಣಾ, ಕಾರಲ್ಲಿ ಮಸಿ ಕಟ್ಕಂಡ್ಬಿಡಲ್ವಾ? ಎರಡು ವಾರ ಆಯ್ತು!”

ಮುನಿಗಂಗಪ್ಪ ನಿಜ ಹೇಳಿಬಿಟ್ಟ. “ನಮ್ ಕಾರಲ್ಲಿ ಆ ಫಿಲ್ಟರ್ರೇ ಇಲ್ವಂತೆ ಕಣಮ್ಮಾ. ಮೊನ್ನೆ ಗೊತ್ತಾಯ್ತು. ತಪ್ಪು ತಿಳ್ಕಬೇಡಿ.”

“ಅಯ್ಯೋ, ನಮಗೆ ಅವತ್ತೇ ಗೊತ್ತು. ನೀವು ಮೊದಲನೇ ಸಲ ಬಂದು ಹೋದ ಸಾಯಂಕಾಲಾನೇ ಸುನೀಲ ಅಂಗಡಿ ಪುಸ್ತಕ ನೋಡಿ ಹೇಳ್ದ. ಮಾವನಿಗೆ ತಿಳಿಸ್ತೀನಿ ಅಂತ ಫೋನ್ ತಗಂಡ. ನಿಮ್ಮ ಮಗಳು ಕೈ ಹಿಡ್ಕಂಡ್ಳು. ಹೇಳ್ಬೇಡಿ, ಗೊತ್ತಾದ್ರೆ ನಮ್ಮಪ್ಪ ಬರಲ್ಲ ಅಂತ ಅತ್ಬಿಟ್ಳು. ಈಗ ನೋಡಿ, ರೋಡಲ್ಲಿ ಯಾವ ಗಾಡಿ ಸದ್ದಾದ್ರೂ ಸೊಪ್ಪು ಬಿಟ್ಟು ಓಡ್ಬರ್ತಾಳೆ.”

ಫೋನಿನ ದನಿ ಜೋರಾಗಿತ್ತು. ಮುನಿಶಾಮಮ್ಮನಿಗೂ ಎಲ್ಲಾ ಕೇಳಿಸಿತ್ತು. ಅವಳು ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದು, ಗಂಡನ ಕೈಗೆ ಕಾರಿನ ಕೀ ಕೊಟ್ಟಳು. ಕಣ್ಣು ಕೆಂಪಾಗಿದ್ದವು. ಮಗಳನ್ನು ಕಳಿಸಿದಂದಿನಿಂದ ಅವಳು ಒಂದು ಸಲವೂ ಆ ಕಡೆ ಹೋಗಿರಲಿಲ್ಲ.

“ನೀನೂ ಬರ್ತೀಯಾ?” ಅಂದ ಮುನಿಗಂಗಪ್ಪ. “ಯಾಕೆ ಬಂದ್ರಿ ಅಂದ್ರೆ ಏನು ಹೇಳಣ?”

“ಮಗಳನ್ನ ನೋಡ್ದೆ ಇರಕ್ಕಾಗ್ಲಿಲ್ಲ, ಅದಕ್ಕೆ ಬಂದ್ವಿ ಅಂತ ಹೇಳಣ.”