ಗಂಜಾಂಗೆ ಹೋಗದ ಹುಣ್ಣಿಮೆಗಳು

ಮೊನ್ನೆ ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ಹೋಟೆಲಿನಿಂದ ಹುಳಿ ಬಂದ ಉದ್ದಿನ ಹಿಟ್ಟಿನ ವಾಸನೆ ಬಂತು. ಹಿಂದೆ ಪಕ್ಕದ ಮನೆಯಲ್ಲಿದ್ದ ಅಕ್ಕ ಬಂದು ನಿಂತಳೇನೋ ಅನ್ನಿಸಿ ತಿರುಗಿಯೇ ನೋಡಿದೆ...

ಆಗ ನಾವು ನಾಗಮಂಗಲದಲ್ಲಿದ್ದೆವು. ಅಕ್ಕ ಈ ಕ್ರಾಸಿನದೇ ಒಂದು ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ರಾತ್ರಿ ಪಾಳಿ ಮಾಡುತ್ತಿದ್ದಳು. ಟ್ಯೂಬ್‌ಲೈಟಿನ ಕೆಳಗೆ ಬೆಳಗಿನ ತನಕ ದೋಸೆ ಹುಯ್ಯುವುದು, ಮೊದಲ ಬಸ್ಸಿಗೆ ಊರಿಗೆ ಬಂದು ಕಣ್ಣಿಗೆ ಸೆರಗು ಕಟ್ಟಿಕೊಂಡು ಮಲಗುವುದು. ನಮ್ಮ ಬೀದಿಯ ಗಲಾಟೆಯಲ್ಲಿ ಅದೆಂಥ ನಿದ್ದೆಯೋ! ಮುಟ್ಟು ನಿಂತ ಮೇಲೆ ಅವಳಿಗೊಂದೇ ಸಂತೋಷ. ಮುಟ್ಟಿನ ದಿನ ಲೆಕ್ಕ ಹಾಕದೆ ಪ್ರತಿ ಹುಣ್ಣಿಮೆಗೂ ಗಂಜಾಂನ ನಿಮಿಷಾಂಬೆಯ ಗುಡಿಗೆ ಹೋಗಿಬರುತ್ತಿದ್ದಳು.

ಒಂದು ದಿನ ಹಿತ್ತಿಲ ಗೋಡೆಯಾಚೆಯಿಂದ ಪಿಸುಗುಟ್ಟಿದಳು. "ಐದ್ ವರ್ಸ ಆದ್ಮೇಲೆ ಮತ್ತೆ ಒರಗಾಗ್ಬುಟ್ಟೆ ಕಣೆ. ಯಾರ್ಗೂ ಏಳ್ಬೇಡ, ನಗ್ತಾರೆ."

ಮೊದಲು ನಕ್ಕವಳು ನಾನೇ. "ವಯಸ್ಸು ವಾಪಸ್ ಬಂತು ಬುಡಕ್ಕ! ಉಸ್ಣ ಅಷ್ಟೇಯಾ, ಮಜ್ಗೆ ಕುಡಿ" ಅಂದೆ. ದೊಡ್ಡ ಪಂಡಿತಳಂತೆ ಮೆಂತ್ಯ ನೆನೆಸಿದ ಮಜ್ಜಿಗೆಯನ್ನೂ ಕೊಟ್ಟೆ.

ಪಾಪ, ಅವಳು ನಂಬಿದಳು. ರಕ್ತ ಕಂಡಾಗಲೆಲ್ಲ ಮೂರು ದಿನ ದೇವರ ಮುಂದೆ ದೀಪ ಹಚ್ಚದೆ, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು, ಅದು ಮುಟ್ಟೇ ಎಂಬಂತೆ ನಡೆದುಕೊಂಡಳು. ಹುಣ್ಣಿಮೆಗಳು ತಪ್ಪಿದವು. ಅವಳ ದುಃಖವೆಲ್ಲ ಅದೇ. "ಅಮ್ಮ ನನ್ನ ಬಾಗ್ಲಿಗೇ ಸೇರುಸ್ತಿಲ್ಲ" ಅನ್ನುತ್ತಿದ್ದಳು. ಹೀಗೇ ಎಂಟು ತಿಂಗಳು...

ಕೊನೆಗೆ ಹೋಟೆಲಿನಲ್ಲೇ ತಲೆ ಸುತ್ತಿ ಬಿದ್ದಾಗ ಮಗಳು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದಳು. ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆದು ಕ್ಯಾನ್ಸರಿಗೆ ತಿರುಗಿತ್ತು, ಆಚೆಗೂ ಹರಡಿತ್ತು. ಏನು ಕೆಲಸವೆಂದು ವಿಚಾರಿಸಿದ ಡಾಕ್ಟರು, ಕತ್ತಲಲ್ಲಿ ದೇಹ ಮೆಲಟೋನಿನ್ ಎಂಬುದನ್ನು ತಯಾರಿಸುತ್ತದೆ, ರಾತ್ರಿಯೆಲ್ಲ ಬೆಳಕಿನಲ್ಲಿದ್ದರೆ ಅದು ಕಡಿಮೆಯಾಗುತ್ತದೆ, ಈ ಕಾಯಿಲೆಗೂ ಅದಕ್ಕೂ ನಂಟಿರಬಹುದು, ಆದರೆ ಖಚಿತವಿಲ್ಲ ಅಂದರಂತೆ. ಖಚಿತವಾಗಿ ಹೇಳಿದ್ದು ಒಂದೇ ಮಾತು. ಮುಟ್ಟು ನಿಂತ ಮೇಲೆ ರಕ್ತ ಕಂಡ ದಿನವೇ ಬರಬೇಕಿತ್ತು.

"ಕತ್ಲೆ ಕೊಂಡ್ಕೊಳಕ್ ಸಿಕ್ತದಾ ಸಾ?" ಎಂದು ಕೇಳಿದಳಂತೆ ಅಕ್ಕ.

ಮೊನ್ನೆ ನಾನು ಹೊರಟಿದ್ದು ಅವಳ ವರ್ಷದ ತಿಥಿಗೆ. ಎಲೆ ಹಾಕುತ್ತಾ ಮಗಳು ಕೇಳಿದಳು. "ಚಿಕ್ಕವ್ವ, ಅವ್ವ ಸಾಯೋಗಂಟ ರಕ್ತದ್ ಇಸ್ಯ ಯಾರ್ಗೂ ಏಳಿರ್ನಿಲ್ಲ ಅಂತಿದ್ಲು. ನಿಮ್ಗಾದ್ರೂ ಏಳಿದ್ಲಾ?"

"ಇಲ್ಲ ಕಣವ್ವ" ಅಂದೆ.