ಕಿವಿಯ ಹಿಂದಿನ ಕೆಂಪು

ನಿನ್ನೆ ಸಂಜೆ ನಮ್ಮ ಕಟ್ಟಡದ ಮೆಟ್ಟಿಲಿಗೆ ಯಾರೋ ಆ್ಯಸಿಡ್ ಹಾಕಿ ಉಜ್ಜುತ್ತಿದ್ದರು. ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ನಾನು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಕೂತೆ. ಅಕ್ಕೋರು ನೆನಪಾದರು...

ಧಾರವಾಡದ ಕಾಲೇಜಿನಲ್ಲಿ ನನಗೆ ಶಿಲ್ಪಕಲೆ ಕಲಿಸಿದವರು ಅವರು. ನಿವೃತ್ತರಾದ ಮೇಲೆ ನಾನಿರುವ ಪಣಜಿಗೇ ಬಂದಿದ್ದರು. ಇಲ್ಲಿಯ ಶ್ರೀಮಂತನೊಬ್ಬ ಎಲ್ಲಿಂದಲೋ ರೋಮನ್ನರ ಕಾಲದ ಅಮೃತಶಿಲೆಯ ಹೆಣ್ಣಿನ ತಲೆಯೊಂದನ್ನು ತರಿಸಿದ್ದ. ಹಾಲಿನಂತೆ ಬೆಳ್ಳಗೆ ಪಾಲಿಶ್ ಮಾಡಿಸಿ ಹಜಾರದಲ್ಲಿಡುವುದು ಅವನ ಆಸೆ. ಹಳೆಯ ಬಣ್ಣ ಉಳಿದಿದೆಯೆಂದು ತೋರಿಸಿದರೆ ಮುಟ್ಟಿಸುವುದಿಲ್ಲ ಎಂದು ಅಕ್ಕೋರಿಗೆ ಮಾತು ಕೊಟ್ಟಿದ್ದ.

ಅವನ ಮನೆಯ ಕೆಳಗೆ, ಕಿಟಕಿಯಿಲ್ಲದ ಕೋಣೆ. ಅಕ್ಕೋರು ಭೂತಗನ್ನಡಿ ಹಿಡಿದು ಕಲ್ಲಿನ ಕಿವಿಯ ಹಿಂದೆ ಬೆಳಕು ಬಿಟ್ಟರು. ಸಾಸಿವೆಯಷ್ಟು ಕೆಂಪು.

"ನೋಡವಾ! ಬಿಳೇದ ಇದ್ದಿದ್ದಿಲ್ಲ ಇವು. ನಮ್ಮೂರ ಗುಡ್ಯಾಗಿನ ದ್ಯಾಮವ್ವನಂಗ ಮೈತುಂಬ ಬಣ್ಣ ಇತ್ತು."

ಪಾಲಿಶ್ ಮಾಡಲು ಗೊತ್ತು ಮಾಡಿದ್ದ ಕೆಲಸಗಾರ ಬಾಗಿಲಲ್ಲಿ ನಿಂತು ನಕ್ಕ. ಊರ ಹೊರಗಿನ ಚಿಂಬಲ್‌ನಲ್ಲಿದ್ದ ಅವನನ್ನು ನಾವು ಅಣ್ಣ ಎನ್ನುತ್ತಿದ್ದೆವು. ವಿಜಯಪುರದ ಕಡೆಯವನು. "ಮಾರಿ ಇಷ್ಟ ಬೆಳ್ಳಗ ಇದ್ರ ನಮ್ಮ ಕಡೆ ದೆವ್ವ ಅಂತಾರ್ರಿ ಅಕ್ಕೋರ!"

ಹೊರಡುವಾಗ ಅಕ್ಕೋರು ಅಂದರು, "ನಾಳೆ ಮುಂಜಾನೆ ಬಂದು ಬಣ್ಣ ತೆಗಿಯೂಣು."

ದೊಡ್ಡ ಕ್ಯಾಮೆರಾ ತರುವುದಿತ್ತು. ಬಣ್ಣದ ಫೋಟೋ ತೆಗೆಯುವುದಕ್ಕೇ ಅವರು ಬಣ್ಣ ತೆಗೆಯುವುದು ಎನ್ನುತ್ತಿದ್ದರು.

"ನೀವ್ಯಾಕ ತ್ರಾಸ ತಗೋತೀರಿ? ನಾ ಅದೀನಲ್ರಿ," ಅಂದ ಅಣ್ಣ. ದೀಪ ಹಿಡಿಯುತ್ತಾನೆ ಎಂದುಕೊಂಡೆವು.

ಮರುದಿನ ಕೋಣೆಯ ಬಾಗಿಲು ಮುಚ್ಚಿತ್ತು. ವಾಸನೆ ಮೇಲಿನ ಮಾಲೀಕರಿಗೆ ತಾಗಬಾರದೆಂದು ಅವನೇ ಮುಚ್ಚಿಕೊಂಡಿದ್ದ. ತೆರೆದೊಡನೆ ಕಣ್ಣು ಉರಿದವು, ಕೆಮ್ಮು ಒತ್ತಿಬಂತು. ಕಲ್ಲಿಗೆ ಬ್ಲೀಚಿಂಗ್ ಪುಡಿ ಹಚ್ಚಿ, ಅದರ ಮೇಲೆ ಆ್ಯಸಿಡ್ ಸುರಿದಿದ್ದ; ಎರಡೂ ಸೇರಿ ವಿಷಗಾಳಿ ಎದ್ದಿತ್ತು. ಹೊಸ್ತಿಲ ಹತ್ತಿರವೇ ಬಿದ್ದಿದ್ದವನನ್ನು ನಾವಿಬ್ಬರೂ ಅಂಗಳಕ್ಕೆ ಎಳೆದೆವು. ಕೆಮ್ಮುತ್ತಲೇ ಅವನು ಅಂದ, "ಬಣ್ಣ... ತೆಗದೀನ್ರಿ ಅಕ್ಕೋರ."

ಅಕ್ಕೋರು ನನ್ನ ಮುಖ ನೋಡಿದರು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಲ್ಲಿನ ಮೇಲಿನ ಆ್ಯಸಿಡ್ ತೊಳೆಯಲು ಅಲ್ಲಿದ್ದ ನೀರಿನ ಬಕೆಟ್ ಎತ್ತಿಕೊಂಡು ಒಳಗೆ ಹೊರಟರು.

"ಬ್ಯಾಡ್ರಿ ಅಕ್ಕೋರ! ಅದು ಕಲ್ಲರೀ!" ಎಂದು ನಾನು ಕೂಗಿದೆ.

ಒಳಗೆ ನೀರು ಸುರಿದ ಸದ್ದಾಯಿತು. ಆಮೇಲೆ ಕೆಮ್ಮು. ಆಮೇಲೆ ಆ ಕೆಮ್ಮೂ ಇಲ್ಲ... ಆ ಮೌನ ಈಗಲೂ ನಿದ್ದೆಯಿಂದ ನನ್ನನ್ನು ಎಬ್ಬಿಸುತ್ತದೆ.

ಕೊನೆಗೆ ಅಕ್ಕೋರು ಕಲ್ಲಿನ ತಲೆಯನ್ನು ಮಗುವಿನಂತೆ ಎದೆಗವಚಿಕೊಂಡು ತಡವರಿಸುತ್ತ ಬಂದರು. ಕಣ್ಣು ಕಾಣುತ್ತಿರಲಿಲ್ಲ. "ಕಿವಿ ಹಿಂದ ನೋಡ," ಅಂದರು. ನೋಡಿದೆ. ಬರೀ ಬಿಳುಪು. "ಐತಿ ಅಕ್ಕೋರ," ಅಂದೆ.

ಅಣ್ಣ ಬದುಕಿಕೊಂಡ. ಅಕ್ಕೋರ ಉಸಿರು ಮಾತ್ರ ಮತ್ತೆ ಸರಿಹೋಗಲಿಲ್ಲ. ಆ ಮಳೆಗಾಲ ಮುಗಿಯುವಷ್ಟರಲ್ಲಿ ತೀರಿಕೊಂಡರು. ಅಂದು ಅಣ್ಣ ಅವರ ಮನೆಯ ಗೇಟಿನ ಹೊರಗೇ ನಿಂತಿದ್ದ. ಒಳಗೆ ಬಾ ಎಂದು ಕರೆದರೂ ಬರಲಿಲ್ಲ.

ನಿನ್ನೆ ನನ್ನ ಗಂಡ ಆಫೀಸಿನಿಂದ ಬಂದು ಒಳಕೋಣೆಯ ಬಾಗಿಲು ಬಡಿದರು. "ಏನಾತ? ತೆಗಿ."

ಚಿಲಕದ ಮೇಲೆ ಕೈಯಿಟ್ಟು ನಿಂತೆ. ಅಂದು ಬಣ್ಣಕ್ಕೆ ಆಡಿದ ಅದೇ ಮಾತು, ತೆಗಿ... ಸಂದಿಯಿಂದ ಆ ವಾಸನೆ ಇನ್ನೂ ಬರುತ್ತಿತ್ತು.

"ತೆಗಿಯೇ!"

ಉಸಿರು ಹಿಡಿದು ತೆಗೆದೆ.